ಫುಸ್ತಾತದ ಸಿನಗಾಗ್: ಒಂದು ಸಮುದಾಯದ ಜೀವನಚಿತ್ರ

ಈಜಿಪ್ಟಿನ ಕೈರೋ ನಗರದ ದಕ್ಷಿಣ ಭಾಗದಲ್ಲಿ, ಏಳನೆಯ ಶತಮಾನದಲ್ಲಿ ಅರಬರು ಸ್ಥಾಪಿಸಿದ ಫುಸ್ತಾತ್ ಎಂಬ ಪಟ್ಟಣವಿತ್ತು. ರಬ್ಬಿಗಳ ಸಂಪ್ರದಾಯವನ್ನು ಅನುಸರಿಸುತ್ತಿದ್ದ ಅಲ್ಲಿಯ ಯೆಹೂದ್ಯರಿಗೆ ಎರಡು ಸಿನಗಾಗ್‌ಗಳಿದ್ದವು. ಒಂದು ಇರಾಕಿನ ಪದ್ಧತಿಯವರದು. ಮತ್ತೊಂದು ಪ್ಯಾಲೆಸ್ಟೈನಿನ ಪದ್ಧತಿಯವರದು. ಎರಡನೆಯದೇ ಬೆನ್ ಎಜ್ರಾ ಎಂದು ಪ್ರಸಿದ್ಧವಾದ ಪ್ರಾರ್ಥನಾಮಂದಿರ. ಮಧ್ಯಯುಗದ ಸಾಮಾನ್ಯ ಜನರ ಬಾಳನ್ನು ಇಷ್ಟು ಸಮೀಪದಿಂದ ತೋರಿಸುವ ಸ್ಥಳಗಳು ಪ್ರಪಂಚದಲ್ಲಿ ವಿರಳ.

ಇದಕ್ಕೆ ಕಾರಣ ಒಂದು ಆಚಾರ. ಭಗವಂತನ ನಾಮವಿರುವ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ, ಜೀರ್ಣವಾದ ಹಾಳೆಗಳನ್ನು ಸಿನಗಾಗಿನ 'ಗೆನೀಜಾ' ಎಂಬ ಕೋಣೆಯಲ್ಲಿ ಹಾಕುತ್ತಿದ್ದರು. ಹೀಬ್ರೂ ಲಿಪಿಯ ಬರಹವೆಲ್ಲವೂ ಗೌರವಾರ್ಹವೆನಿಸಿದ್ದರಿಂದ ಧರ್ಮಗ್ರಂಥಗಳೊಡನೆ ಲೆಕ್ಕಪತ್ರ, ವಿವಾಹಪತ್ರ, ವ್ಯಾಪಾರದ ಓಲೆಗಳೂ ಅಲ್ಲಿ ಸೇರಿದವು. ೧೮೯೬-೯೭ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸನು ಇವುಗಳಲ್ಲಿ ಸುಮಾರು ೧,೯೩,೦೦೦ ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದನು. ಎಸ್. ಡಿ. ಗೊಯ್ಟೈನ್ ಇವನ್ನು ಆಧರಿಸಿ ೧೯೬೭ರಿಂದ ಪ್ರಕಟಿಸಿದ ಬೃಹತ್ ಸಂಪುಟಗಳು ಈ ಸಮಾಜದ ಸ್ವರೂಪವನ್ನು ವಿಶದಪಡಿಸಿವೆ.

ಸಿನಗಾಗ್ ಕೇವಲ ಪ್ರಾರ್ಥನೆಯ ಸ್ಥಳವಾಗಿರಲಿಲ್ಲವೆಂಬುದು ಈ ಪತ್ರಗಳಿಂದ ಸ್ಪಷ್ಟವಾಗುತ್ತದೆ. ಅದು ನ್ಯಾಯಸ್ಥಾನವೂ ಆಗಿತ್ತು. ಅನ್ಯಾಯಕ್ಕೊಳಗಾದ ವ್ಯಕ್ತಿಯು, ಅವನು ಎಷ್ಟೇ ದುರ್ಬಲನಾಗಿರಲಿ, ಸಾರ್ವಜನಿಕ ಪ್ರಾರ್ಥನೆಯನ್ನು ತಡೆದು ತನ್ನ ದೂರನ್ನು ಸಭೆಯ ಮುಂದಿಡಬಹುದಾಗಿತ್ತು. ದೇವರ ಸ್ತುತಿಗಿಂತ ದೀನರ ಮೊರೆ ಮೊದಲು ಕೇಳಬೇಕಾದುದೆಂಬ ಭಾವನೆ ಈ ಪದ್ಧತಿಯಲ್ಲಿ ಅಡಗಿದೆ.

ದಾನಧರ್ಮದ ವ್ಯವಸ್ಥೆಯೂ ಅಷ್ಟೇ ಕ್ರಮಬದ್ಧವಾಗಿತ್ತು. ಮಂಗಳವಾರ ಮತ್ತು ಶುಕ್ರವಾರಗಳಂದು ಬಡವರಿಗೆ ರೊಟ್ಟಿ ಹಂಚಲಾಗುತ್ತಿತ್ತು. ವಿಧವೆಯರು, ಕುರುಡರು, ಪರಸ್ಥಳದಿಂದ ಬಂದ ನಿರಾಶ್ರಿತರು ಇವರ ಹೆಸರಿನ ಪಟ್ಟಿಗಳು ಇಂದಿಗೂ ಉಳಿದಿವೆ. ದತ್ತಿಯಾಗಿ ಬಂದ ಮನೆಗಳ ಬಾಡಿಗೆಯಿಂದ ಮಂದಿರದ ದುರಸ್ತಿ ಮತ್ತು ಸಿಬ್ಬಂದಿಯ ವೇತನಗಳು ನಡೆಯುತ್ತಿದ್ದವು. ಸೆರೆಸಿಕ್ಕವರನ್ನು ಹಣ ತೆತ್ತು ಬಿಡಿಸುವುದು ಪರಮ ಕರ್ತವ್ಯವೆನಿಸಿತ್ತು. ೧೧೬೮ರಲ್ಲಿ ಕ್ರೂಸೇಡ್ ಯೋಧರು ಬಿಲ್ಬೈಸ್ ಪಟ್ಟಣವನ್ನು ಹಿಡಿದು ಅಲ್ಲಿಯ ಯೆಹೂದ್ಯರನ್ನು ಸೆರೆಯೊಯ್ದಾಗ, ಫುಸ್ತಾತದಲ್ಲಿ ನೆಲೆಸಿದ್ದ ತತ್ತ್ವಜ್ಞ ಮೈಮೊನಿಡೀಸನು ಅವರ ಬಿಡುಗಡೆಗಾಗಿ ಧನಸಂಗ್ರಹದಲ್ಲಿ ತೊಡಗಿದನು.

ವಿದ್ಯೆಯ ವಿಷಯವನ್ನು ನೋಡೋಣ. ಬಾಲಕನು ಸಭೆಯಲ್ಲಿ ನಿಂತು ಧರ್ಮಗ್ರಂಥವನ್ನು ಓದಲು ಸಮರ್ಥನಾಗಬೇಕೆಂಬುದು ಪ್ರಾಥಮಿಕ ಶಿಕ್ಷಣದ ಗುರಿ. ಆದುದರಿಂದ ಓದುವಿಕೆಯು ಪಂಡಿತರ ಸೊತ್ತಾಗಿ ಉಳಿಯದೆ ಸಮುದಾಯದ ಹೊಣೆಯಾಯಿತು. ಅನಾಥ ಹಾಗೂ ಬಡ ಮಕ್ಕಳ ಪರವಾಗಿ ಉಪಾಧ್ಯಾಯರಿಗೆ ಸಮುದಾಯದ ನಿಧಿಯಿಂದಲೇ ಹಣ ಸಲ್ಲುತ್ತಿತ್ತು. ದಪ್ಪ ಅಕ್ಷರಗಳನ್ನೂ ಬಣ್ಣದ ಅಲಂಕಾರಗಳನ್ನೂ ಉಳ್ಳ ಬಾಲಪಾಠಗಳು, ಅವುಗಳ ಮೇಲೆ ಮಕ್ಕಳು ಗೀಚಿದ ಗೆರೆಗಳ ಸಮೇತ, ಗೆನೀಜಾದಲ್ಲಿ ದೊರೆತಿವೆ.

ಆದರೆ ಈ ಚಿತ್ರದಲ್ಲಿ ನೆರಳಿಲ್ಲದಿಲ್ಲ. ಹನ್ನೊಂದನೆಯ ಶತಮಾನದ ಕೊನೆಯ ಸುಮಾರಿಗೆ ವುಹ್ಶಾ ಎಂಬ ಮಹಿಳೆಯು ದಲ್ಲಾಳಿ ವೃತ್ತಿಯಿಂದ ಐಶ್ವರ್ಯವನ್ನು ಗಳಿಸಿದ್ದಳು. ಸಮಾಜವೊಪ್ಪದ ಸಂಬಂಧದಿಂದ ಮಗುವನ್ನು ಪಡೆದುದರಿಂದ, ಪ್ರಾಯಶ್ಚಿತ್ತದ ಮಹಾದಿನದಂದು ಇರಾಕೀ ಸಿನಗಾಗಿನಿಂದ ಅವಳನ್ನು ಹೊರಕ್ಕೆ ಕಳುಹಿಸಲಾಯಿತು. ಆದರೂ ಅವಳು ತನ್ನ ಮರಣಶಾಸನದಲ್ಲಿ ಫುಸ್ತಾತದ ಸಿನಗಾಗ್‌ಗಳಿಗೆ ಹಣವನ್ನು ಬಿಟ್ಟಳು. ಜನರು ರಾತ್ರಿ ವೇಳೆಯಲ್ಲಿ ಅಧ್ಯಯನ ಮಾಡಲು ದೀಪದ ಎಣ್ಣೆಗಾಗಿ ಅದು ವಿನಿಯೋಗವಾಗಬೇಕಿತ್ತು. ತನ್ನ ಮಗನಿಗೆ ಉಪಾಧ್ಯಾಯನನ್ನು ನೇಮಿಸಲೂ ಅವಳು ಏರ್ಪಾಡು ಮಾಡಿದಳು. ದೇವರ ಸನ್ನಿಧಿಯ ನಂದಾದೀಪಕ್ಕೆ ಎಣ್ಣೆಯನ್ನು ಬಿಟ್ಟ ದಾನಗಳನ್ನು ನಮ್ಮ ಶಾಸನಗಳಲ್ಲಿ ಧಾರಾಳವಾಗಿ ಕಾಣುತ್ತೇವೆ. ಇಲ್ಲಿ ದೀಪ ಉರಿಯಬೇಕಾದುದು ಓದುವವರ ಮುಂದೆ. ಬಿಟ್ಟವಳು ಬಾಗಿಲಿನಿಂದಾಚೆ ಕಳುಹಿಸಲ್ಪಟ್ಟವಳು.

ಈ ಕೋಣೆಯೊಡನೆ ಕನ್ನಡನಾಡಿನ ಕರಾವಳಿಗೂ ಸಂಬಂಧವುಂಟು. ಉತ್ತರ ಆಫ್ರಿಕದ ಮಹ್ದಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ, ಮೆಣಸಿನ ವ್ಯಾಪಾರವನ್ನೂ ಕಂಚಿನ ಕಾರ್ಖಾನೆಯನ್ನೂ ನಡೆಸಿದನು. ಏಡನ್‌ನ ಮಿತ್ರರು ಅವನಿಗೆ ಬರೆಯುವ ಕಾಗದವನ್ನು ಕಳುಹಿಸುತ್ತಿದ್ದರು. ೧೧೩೨ರಲ್ಲಿ ಅವನು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿ ಬರೆದ ಪತ್ರ ಉಳಿದುಬಂದಿದೆ. ೧೧೪೯ರಲ್ಲಿ ಅವನು ಏಡನ್‌ಗೆ ಹಿಂದಿರುಗಿದನು. ಮುಂದೆ ಫುಸ್ತಾತವನ್ನು ಸೇರಿದನು. ಅವನ ಕಾಗದಗಳು ಗೆನೀಜಾವನ್ನು ಸೇರಿದವು. ಸೆರೆಯಾದ ತನ್ನವರನ್ನು ಬಿಡಿಸಲು ಮನೆಮನೆಗೆ ಹೋಗಿ ಹಣ ಕೂಡಿಸಿದ ಸಮುದಾಯವೇ ಅನ್ಯರನ್ನು ದಾಸ್ಯದಲ್ಲಿರಿಸಿಕೊಂಡಿತ್ತೆಂಬ ಸತ್ಯವನ್ನೂ ಈ ಪತ್ರ ಸಾರುತ್ತದೆ. ಅದು ಆ ಕಾಲದ ಎಲ್ಲ ಸಮಾಜಗಳ ದೋಷವಾಗಿದ್ದರೂ ಇತಿಹಾಸಕಾರನು ಅದನ್ನು ಮರೆಮಾಚುವಂತಿಲ್ಲ.

೧೯೪೮ರ ನಂತರದ ದಶಕಗಳಲ್ಲಿ ಈಜಿಪ್ಟಿನ ಯೆಹೂದ್ಯರಲ್ಲಿ ಬಹುಮಂದಿ ದೇಶವನ್ನು ತೊರೆದರು. ಬೆನ್ ಎಜ್ರಾ ಇಂದು ಒಂದು ಸಂರಕ್ಷಿತ ಸ್ಮಾರಕ. ಸಮುದಾಯವು ಚದುರಿದ ಮೇಲೂ ಅದರ ಬಾಳು ನಮಗೆ ತಿಳಿಯುವುದು ಯಾರೋ ಎಸೆಯಲೊಲ್ಲದೆ ಉಳಿಸಿದ ಕಸದಿಂದ. ರಾಜರ ಬಿರುದುಗಳನ್ನು ಕಲ್ಲು ಕಾಪಾಡುತ್ತದೆ. ರೊಟ್ಟಿಗಾಗಿ ಕಾದವರ ಹೆಸರನ್ನು ಉಳಿಸಿದುದು ಹರಿದ ಕಾಗದ. ನಮ್ಮ ಮಠ, ಬಸದಿ, ಹಳೆಯ ಮನೆಗಳ ಅಟ್ಟದ ಮೇಲಿರುವ ಕಡತಗಳನ್ನೂ ಕರಣಿಕರ ಲೆಕ್ಕಗಳನ್ನೂ ನಮ್ಮ ವಿದ್ಯಾರ್ಥಿಗಳು ಇದೇ ದೃಷ್ಟಿಯಿಂದ ನೋಡುವುದು ಆವಶ್ಯಕ. ಗೆದ್ದಲು ಯಾರಿಗಾಗಿಯೂ ಕಾಯುವುದಿಲ್ಲ.