ಸ್ವಯಂಚಾಲಿತ ಕ್ಯಾಮೆರಾ: ನೆರವೋ, ತೊಡಕೋ?

ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ ಸೂರ್ಯೋದಯವನ್ನು ಸೆರೆಹಿಡಿದು ಊರಿನ ಹಿರಿಯರಿಗೆ ಕಳುಹಿಸದ ಕನ್ನಡ ಕುಟುಂಬ ನಮ್ಮಲ್ಲಿ ವಿರಳವೆನ್ನಬೇಕು. ಆದರೆ ಕಣ್ಣು ಕಂಡ ಕುಂಕುಮದ ಕೆಂಪು ಎಷ್ಟೋ ಬಾರಿ ಚಿತ್ರದಲ್ಲಿ ಪೇಲವವಾಗಿರುತ್ತದೆ, ಅಲೆಯ ನೊರೆ ಬೂದುಬಣ್ಣ ತಳೆದಿರುತ್ತದೆ. ಕ್ಯಾಮೆರಾ ಕೆಟ್ಟಿರುವುದಿಲ್ಲ, ತನಗೆ ಕಲಿಸಿದ್ದನ್ನು ಮಾಡಿರುತ್ತದೆ. ಅದು ಏನನ್ನು ಊಹಿಸಿಕೊಳ್ಳುತ್ತದೆಂದು ಅರಿತವರಿಗೆ ಸ್ವಯಂಚಾಲನೆ ನೆರವು, ಅರಿಯದವರಿಗೆ ತೊಡಕು ಎಂಬುದು ನಮ್ಮ ಅಭಿಪ್ರಾಯ.

1977ರಲ್ಲಿ ಜಪಾನಿನ ಕೊನಿಕಾ ಸಿ-35 ಎಎಫ್ ಮಾರುಕಟ್ಟೆಗೆ ಬರುವವರೆಗೂ ಸಾಮಾನ್ಯ ಬಳಕೆದಾರರಿಗೆ ಫೋಕಸ್ ಹೊಂದಿಸುವುದು ಕೈಕೆಲಸವೇ ಆಗಿತ್ತು. 1985ರ ಮಿನೋಲ್ಟಾ 7000 ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೇ ಫೋಕಸ್ ಮೋಟಾರನ್ನು ಅಳವಡಿಸಿತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ವೃತ್ತಿಜೀವನದ ಬಹುಭಾಗ ಇದಕ್ಕೂ ಮೊದಲೇ ಕಳೆದಿತ್ತು. ಅವರಿಗೆ ಪದ್ಮಶ್ರೀ ಸಂದದ್ದೂ 1977ರಲ್ಲಿಯೇ.

ಕ್ಯಾಮೆರಾದ ಬೆಳಕುಮಾಪಕವು ಮೂಲತಃ ಎದುರಿನ ದೃಶ್ಯವು ಸರಾಸರಿಯಲ್ಲಿ ನಡುಬೂದು, ಅಂದರೆ ಬಿದ್ದ ಬೆಳಕಿನ ಸುಮಾರು ಶೇ. 18ರಷ್ಟನ್ನು ಪ್ರತಿಫಲಿಸುವಂಥದು, ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ನೊರೆ ತುಂಬಿದ ಚೌಕಟ್ಟು ಮಂಕಾಗುತ್ತದೆ. ಅದೇ ತೀರದಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿರುವ ಕುರ್ಸುರಾ ಜಲಾಂತರ್ಗಾಮಿಯ ಕಪ್ಪು ಒಡಲು ಚೌಕಟ್ಟನ್ನು ತುಂಬಿದರೆ ನಸುಬಿಳುಪಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಎಂಬ ಗುಂಡಿಯನ್ನು ನೊರೆಗೆ ಪ್ಲಸ್ 1ರತ್ತಲೂ ಕಪ್ಪಿಗೆ ಮೈನಸ್‌ನತ್ತಲೂ ಸರಿಸಿದರೆ ಸಾಕು. ಅರುಣೋದಯದ ಕೆಂಪನ್ನು ತೊಳೆದುಹಾಕುವುದು ಆಟೋ ವೈಟ್ ಬ್ಯಾಲೆನ್ಸ್. ಬೆಳಕಿನ ಬಣ್ಣವನ್ನು ದೋಷವೆಂದೇ ಎಣಿಸಿ ತಿದ್ದುವುದು ಅದರ ಕೆಲಸ! ಅದನ್ನು ಹಗಲುಬೆಳಕಿನ ಆಯ್ಕೆಗೆ ಬದಲಿಸಬೇಕು.

ವಿಜಯವಾಡದ ಸಮೀಪದ ಉಂಡವಲ್ಲಿ ಗುಹೆಗಳಲ್ಲಿ ತೊಡಕು ಬೇರೆ ಬಗೆಯದು. ಬಾದಾಮಿಯನ್ನು ಕಂಡವರಿಗೆ ಈ ಬಂಡೆಗುಡಿಗಳು ಆಪ್ತವೆನಿಸುತ್ತವೆ. ಮೇಲಂತಸ್ತಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಅನಂತಶಯನ ಮೂರ್ತಿ ಅರೆಗತ್ತಲಲ್ಲಿ ಪವಡಿಸಿದೆ, ಹೊರಗೆ ಕಣ್ಣು ಕೋರೈಸುವ ಬಿಸಿಲು. ಮಂದಬೆಳಕಿನಲ್ಲಿ ಫೋಕಸ್ ಅತ್ತಿತ್ತ ತಡಕಾಡುತ್ತದೆ. ಬೆಳಕು ನೆರಳು ಸೇರುವ ಅಂಚನ್ನು ತೋರಿಸಿದರೆ ಕೂಡಲೇ ನಿಲ್ಲುತ್ತದೆ. ಈಗಿನ ಮೊಬೈಲ್ ಫೋನುಗಳು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆದು ಮೂರ್ತಿಯನ್ನೂ ಬಿಸಿಲನ್ನೂ ಒಟ್ಟಿಗೆ ತೋರಿಸುತ್ತವೆ. ವಿವರ ಲಭಿಸುತ್ತದೆ, ನಿಜ. ಗುಹೆಯ ಗುಹೆತನ ಮಾತ್ರ ಕರಗಿಹೋಗುತ್ತದೆ. ಅಂತಹ ಚಿತ್ರಗಳು ನಮಗಂತೂ ಹಿಡಿಸುವುದಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದು ಸಲ್ಲದು. ಓಡುವ ಮೊಮ್ಮಗುವಿನ ಬೆನ್ನುಹತ್ತಿ ಫೋಕಸ್ ತಿರುಗಿಸಲು ದೃಷ್ಟಿ ಮಂಜಾದ ಅಜ್ಜನಿಂದಾಗದು. ಕ್ಯಾಮೆರಾ ಅದನ್ನು ಸಲೀಸಾಗಿ ಮಾಡುತ್ತದೆ. ಸಂಪೂರ್ಣ ಸ್ವಯಂಚಾಲನೆಯ ಉಪಕಾರಕ್ಕೆ ನಮ್ಮ ನಾಗರಹೊಳೆಯೇ ಸಾಕ್ಷಿ. ಅಲ್ಲಿ ಡಾ. ಉಲ್ಲಾಸ ಕಾರಂತರು ಹುಲಿ ಹಾದಾಗ ತಾನೇ ಕ್ಲಿಕ್ಕಿಸುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಹುಲಿಯ ಎರಡೂ ಮಗ್ಗುಲ ಪಟ್ಟೆಗಳು ಬೇರೆಬೇರೆಯಾದ್ದರಿಂದ ದಾರಿಯ ಇಕ್ಕೆಲಗಳಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾಗಳನ್ನಿಡುವುದು ಈ ವಿಧಾನದ ರೂಢಿ. ಗುಂಡಿ ಒತ್ತಲು ಅಲ್ಲಿ ಮನುಷ್ಯನಿರುವುದಿಲ್ಲ. ಆದರೆ ಹುಲಿ ಯಾವ ಹಾದಿಯಲ್ಲಿ ನಡೆದೀತೆಂಬುದನ್ನು ಹೆಜ್ಜೆಗುರುತು ನೋಡಿ ತಿಳಿದವನೇ ಕ್ಯಾಮೆರಾ ನೆಡಬೇಕು.

ಇನ್ನು ಆಲಮಟ್ಟಿಯನ್ನು ಹಾದು ಬಂದ ನಮ್ಮ ಕೃಷ್ಣೆಯನ್ನು ವಿಜಯವಾಡದಲ್ಲಿ ತಡೆದು ನಿಲ್ಲಿಸುವ ಪ್ರಕಾಶಂ ಬ್ಯಾರೇಜಿನ ಸಂಜೆ. ಮನೆಯವರನ್ನು ಮುಳುಗುವ ಸೂರ್ಯನಿಗೆ ಬೆನ್ನುಮಾಡಿ ನಿಲ್ಲಿಸಿದರೆ ಹಳೆಯ ಕ್ಯಾಮೆರಾ ಮುಖಗಳನ್ನು ಕಪ್ಪಾಗಿಸುತ್ತದೆ, ಮುಖ ಗುರುತಿಸಬಲ್ಲ ಹೊಸದು ಆಕಾಶವನ್ನು ಬಿಳಿಚಿಸುತ್ತದೆ. ಫೋನಿನಲ್ಲಾದರೆ ಪರದೆಯ ಮೇಲೆ ಒಮ್ಮೆ ಮುಖವನ್ನು, ಒಮ್ಮೆ ಆಕಾಶವನ್ನು ಮುಟ್ಟಿ ಎರಡು ಚಿತ್ರ ತೆಗೆಯಿರಿ. ಊರಿಗೆ ಯಾವುದನ್ನು ಕಳುಹಿಸಬೇಕೆಂದು ಮನೆಗೆ ಬಂದು ಎಲ್ಲರೂ ಕುಳಿತು ತೀರ್ಮಾನಿಸಬಹುದು.