ಸೋತವನ ಹೆಸರಿನ ವ್ಯೂಹ

1918ರ ಅಕ್ಟೋಬರ್ ತಿಂಗಳಿನಲ್ಲಿ, ನ್ಯೂಯಾರ್ಕ್ ನಗರದ ಚದುರಂಗ ಪಂದ್ಯಾವಳಿಯಲ್ಲಿ, ಹವಾನಾ ನಗರದಲ್ಲಿ ಜನಿಸಿ ಇನ್ನೂ ಮೂವತ್ತು ತುಂಬದಿದ್ದ ಕಪಾಬ್ಲಾಂಕಾನೂ ಅಮೆರಿಕದ ಚಾಂಪಿಯನ್ ಫ್ರಾಂಕ್ ಮಾರ್ಷಲನೂ ಎದುರುಬದುರಾದರು. 1909ರಲ್ಲಿ ಇದೇ ತರುಣನೊಡನೆ ಆಡಿದ ಪಂದ್ಯಮಾಲೆಯಲ್ಲಿ ಮಾರ್ಷಲನು ಎಂಟು ಆಟಗಳನ್ನು ಸೋತು ಒಂದನ್ನು ಮಾತ್ರ ಗೆದ್ದಿದ್ದನು.

ಆಟವು ಹದಿನಾರನೆಯ ಶತಮಾನದ ಸ್ಪೇನಿನ ಪಾದ್ರಿ ರೂಯ್ ಲೋಪೆಜನ ಹೆಸರಿನ ಗಂಭೀರವಾದ ಆರಂಭದಿಂದ ಮೊದಲಾಯಿತು. ಎಂಟನೆಯ ನಡೆಯಲ್ಲಿ ಮಾರ್ಷಲನು ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ನೂಕಿ, ನಡುವಣ ಪದಾತಿಯೊಂದನ್ನು ಬಲಿಗೊಟ್ಟು, ಕುದುರೆ, ಒಂಟೆ, ಮಂತ್ರಿಗಳನ್ನು ಬಿಳಿಯ ರಾಜನ ಮೇಲೆ ಏಕಕಾಲಕ್ಕೆ ಹರಿಯಬಿಟ್ಟನು. ಇದು ಎದುರಾಳಿ ಮನೆಯಲ್ಲಿಯೇ ಕೂಲಂಕಷವಾಗಿ ಶೋಧಿಸಿ ತಂದ ಕುತಂತ್ರವೆಂಬುದನ್ನು ಬಲ್ಲ ಕಪಾಬ್ಲಾಂಕಾ, ಪದಾತಿಯನ್ನು ಬಿಟ್ಟುಬಿಡುವ ಕ್ಷೇಮಮಾರ್ಗವಿದ್ದರೂ, ತನ್ನ ವಿವೇಚನೆಯನ್ನೇ ಕೆಣಕಿದ ಆಹ್ವಾನವಿದೆಂದು ಬಗೆದು ಬಲಿಯನ್ನು ಸ್ವೀಕರಿಸಿದನೆಂದು ಆಮೇಲೆ ತಾನೇ ಬರೆದಿದ್ದಾನೆ. ಕರಿಯ ಕುದುರೆ ರಾಜನ ಕೋಟೆಯೊಳಕ್ಕೆ ನುಗ್ಗಿ ಪದಾತಿಯೊಂದನ್ನು ಕೊಂದಾಗ, ಅದನ್ನು ಮಂತ್ರಿಯಿಂದ ಹಿಡಿಯುವ ಮೋಹಕ್ಕೆ ಒಳಗಾಗದೆ, ಆನೆಯನ್ನು ಒಂದೇ ಒಂದು ಮನೆ ಮುಂದಿಟ್ಟುದು ನನ್ನ ಕಣ್ಣಿಗೆ ಆ ಆಟದ ಶ್ರೇಷ್ಠ ಕ್ಷಣ. ದಾಳಿಯ ಬಿಸಿ ಆರಿದ ಮೇಲೆ ಬಿಳಿಯ ಪದಾತಿಗಳು ಮಂತ್ರಿಯ ಪಕ್ಕದಲ್ಲಿ ಮುಂದೊತ್ತಿದವು. ಮೂವತ್ತಾರನೆಯ ನಡೆಗೆ ಮಾರ್ಷಲನು ಸೋಲೊಪ್ಪಿದನು.

ಈ ಅಸ್ತ್ರವನ್ನು ಅವನು ಒಂಬತ್ತು ವರ್ಷ ಗುಪ್ತವಾಗಿರಿಸಿ, ಈ ಒಬ್ಬನಿಗಾಗಿಯೇ ಕಾದಿದ್ದನೆಂಬ ಐತಿಹ್ಯವು ಚದುರಂಗಪ್ರಿಯರಲ್ಲಿ ಪ್ರಚುರವಾಗಿದೆ. ದಾಖಲೆಗಳು ಈ ಮಾತನ್ನು ಸಮರ್ಥಿಸುವುದಿಲ್ಲ. ಅದೇ ಬಲಿಯು 1893ರಷ್ಟು ಹಿಂದೆಯೇ, ಅದೂ ಕಪಾಬ್ಲಾಂಕಾನ ಹವಾನಾ ನಗರದಲ್ಲಿಯೇ, ಕಾಣಿಸಿಕೊಂಡಿತ್ತು. ಪೌರುಷದ ಕಥೆಗೆ ಜನ ತೋರುವ ಪಕ್ಷಪಾತ ಇತಿಹಾಸಕಾರನನ್ನು ಸುಲಭವಾಗಿ ಗೆಲ್ಲುತ್ತದೆ.

ಆದರೆ ಆಟ ಸೋತರೂ ವಿಚಾರ ಸಾಯಲಿಲ್ಲ. ಕುದುರೆಯನ್ನು ಹಿಂದೆಗೆಯುವುದಕ್ಕೆ ಬದಲು ಅದನ್ನು ಪದಾತಿಯ ಆಸರೆಯಲ್ಲಿ ನಡುವೆಯೇ ನಿಲ್ಲಿಸುವ ಪರಿಷ್ಕಾರದಿಂದ ದಾಳಿಯು ಸ್ಥಿರವಾದ ಶಾಸ್ತ್ರವಾಯಿತು. 1965ರಲ್ಲಿ ಸ್ಪಾಸ್ಕಿಯು ತಾಲ್‌ನಂತಹ ಆಕ್ರಮಣಕಾರನ ವಿರುದ್ಧ ಇದನ್ನೇ ಗುರಾಣಿಯಾಗಿ ಹಿಡಿದನು. 1993ರಲ್ಲಿ ವಿಶ್ವಪದವಿಯ ಪಂದ್ಯದ ಮೊದಲ ಆಟದಲ್ಲಿ ಕಾಸ್ಪರೋವನೆದುರು ಕುಳಿತ ಶಾರ್ಟನು, ಎಂಟನೆಯ ನಡೆಗೆ ಬಂದೊಡನೆ, ಮಾರ್ಷಲನ ವ್ಯೂಹಕ್ಕೆ ಎಡೆಗೊಡದೆ ತನ್ನ ಎಡದಂಚಿನ ಪದಾತಿಯನ್ನು ಎರಡು ಮನೆ ಮುಂದೂಡಿದನು.