ಬಿಲ್ಲೆಗೇರದ ವಿದ್ಯೆ: ಕಾಮಠಿ ದಂಡಿನ ವೈದ್ಯರ ಪದವಿ ಮತ್ತು ಗುರುತು

ರಷ್ಯದಲ್ಲಿ ಸೇನಾ ವೈದ್ಯರು ತಾವು ಓದಿದ್ದನ್ನು ಎದೆಯ ಮೇಲೆ ಧರಿಸುತ್ತಿದ್ದರು. ಚಕ್ರವರ್ತಿಗಳ ಕಾಲದಲ್ಲಿ ಎರಡು ತಲೆಯ ಹದ್ದಿನ ಬಿಲ್ಲೆ, ಸೋವಿಯತ್ ಕಾಲದಲ್ಲಿ ಹಾವು ಸುತ್ತಿದ ಬಟ್ಟಲಿನ ವಜ್ರಾಕಾರದ ಬಿಲ್ಲೆ. ನಮ್ಮ ದಂಡುಗಳಲ್ಲಿ ಈ ಪದ್ಧತಿ ಬೇರೂರಲಿಲ್ಲ. ಇಲ್ಲಿನ ವೈದ್ಯರು ದಶಕಗಳ ಕಾಲ ಹೋರಾಡಿದ್ದು ಓದಿನ ಗುರುತಿಗಲ್ಲ, ಭುಜದ ಮೇಲಿನ ದರ್ಜೆಗೆ ಎಂಬುದು ನನ್ನ ವಾದ.

ನಾಗಪುರದ ಈಶಾನ್ಯಕ್ಕೆ ಕನ್ಹಾನ್ ನದಿಯ ದಂಡೆಯಲ್ಲಿ 1821ರಲ್ಲಿ ಕಾಮಠಿ ದಂಡು ನೆಲೆಗೊಂಡಿತು. 19ನೇ ಶತಮಾನದ ಬಹುಭಾಗ ಅಲ್ಲಿದ್ದದ್ದು ಮದ್ರಾಸ್ ಸೇನೆ. ಬೆಂಗಳೂರು ದಂಡಿನದೂ ಅದೇ ಸೇನೆ. ಹಾಗಾಗಿ ಎರಡೂ ಕಡೆ ಸಿಪಾಯಿ ಪಲ್ಟನ್‌ಗಳ ಸರ್ಜನರು ಮದ್ರಾಸ್ ವೈದ್ಯಕೀಯ ಸೇವೆಯವರು. ಈ ಸೇವೆಗೆ ಆಯ್ಕೆಯಾದವರು 1863ರಿಂದ ಇಂಗ್ಲೆಂಡಿನ ನೆಟ್ಲಿಯ ಸೇನಾ ವೈದ್ಯಕೀಯ ಶಾಲೆಯಲ್ಲಿ ಕೆಲ ತಿಂಗಳು ಕಲಿಯಬೇಕಿತ್ತು.

ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. 1879ರಲ್ಲಿ ಎಂ.ಆರ್.ಸಿ.ಎಸ್., 1881ರಲ್ಲಿ ಎಲ್.ಎಸ್.ಎ. ಎಂಬ ವೈದ್ಯಕೀಯ ಅರ್ಹತೆಗಳು, ಅದೇ ವರ್ಷ ಮದ್ರಾಸ್ ಸೇವೆ; 1888ರ ರಜೆಯಲ್ಲಿ ಲಂಡನ್ನಿಗೆ ಹೋಗಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ. 1895ರಲ್ಲಿ ಕಾಲರಾ ತಡೆಯಲು ಬೆಂಗಳೂರಿಗೆ ಬಂದಾಗ ಇವಾವುವೂ ಅವರ ಸಮವಸ್ತ್ರದ ಮೇಲಿರಲಿಲ್ಲ. ಮುಖ್ಯವಾದ ಪದವಿದ್ದದ್ದು ಹೆಸರಿನ ಮುಂದೆ: 1897ರ ಡಿಸೆಂಬರಿನಲ್ಲಿ ಸೊಳ್ಳೆಯ ಕುರಿತ ಲೇಖನ ಅಚ್ಚಾದದ್ದು ‘ಸರ್ಜನ್-ಮೇಜರ್’ ರಾಸ್ ಹೆಸರಿನಲ್ಲಿ.

ಆ ಅಡ್ಡಗೆರೆಯ ಹಿಂದೆ ದೊಡ್ಡ ಜಗಳವಿದೆ. 1858ರ ರಾಜಾಜ್ಞೆ ವೈದ್ಯರಿಗೆ ‘ಸಾಪೇಕ್ಷ ದರ್ಜೆ’ ಎಂಬ ಅರೆ ಗೌರವ ಕೊಟ್ಟಿತ್ತು. 1887ರಲ್ಲಿ ಅದನ್ನೂ ಕಿತ್ತುಕೊಂಡಾಗ ಬ್ರಿಟಿಷ್ ವೈದ್ಯಕೀಯ ಸಂಘ ಸಿಡಿದೆದ್ದಿತು. 1891ರಲ್ಲಿ ಸಿಕ್ಕಿದ್ದು ಸರ್ಜನ್-ಕ್ಯಾಪ್ಟನ್, ಸರ್ಜನ್-ಮೇಜರ್ ಎಂಬ ಜೋಡಿ ಹೆಸರುಗಳು. 1898ರಲ್ಲಿ ‘ಸರ್ಜನ್’ ಉದುರಿ ಬರಿಯ ಕ್ಯಾಪ್ಟನ್, ಮೇಜರ್ ಉಳಿಯಿತು. ವಿಚಿತ್ರವೆಂದರೆ, ವೈದ್ಯರು ಇದನ್ನು ಗೆಲುವೆಂದೇ ಎಣಿಸಿದರು; ವಿದ್ಯೆಯ ಕಡೆಯ ಗುರುತನ್ನು ತಾವೇ ಕಳಚಿಟ್ಟರು. ದರ್ಜೆಯಿಲ್ಲದ ವಿದ್ಯೆಗೆ ಸೇನೆಯಲ್ಲಿ ಬೆಲೆಯಿಲ್ಲವೆಂದು ಅವರು ಕಂಡುಕೊಂಡಿದ್ದರು.

ಹಳೆಯ ದಂಡಿನ ಛಾಯಾಚಿತ್ರಗಳಲ್ಲಿ ಬಿಲ್ಲೆ ಹುಡುಕುವ ಸಂಗ್ರಾಹಕರು ಇದರಿಂದಲೇ ಎಡವುತ್ತಾರೆ. ಹುಡುಕಬೇಕಾದದ್ದು 1930ರಲ್ಲಿ ಪ್ರಕಟವಾದ ಡಿ.ಜಿ. ಕ್ರಾಫರ್ಡ್ ಅವರ ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿಗಳ ಪಟ್ಟಿಯಲ್ಲಿ. ಅಲ್ಲಿ ಹಲವರ ಹೆಸರಿಗೆ ಪದವಿಗಳು ಅಂಟಿಕೊಂಡಿವೆ. ಆದರೆ ಅದು ಅಧಿಕಾರಿಗಳದಷ್ಟೇ. ಆಸ್ಪತ್ರೆಯ ದಿನದ ಕೆಲಸ ಹೊತ್ತ ಸಬ್-ಅಸಿಸ್ಟೆಂಟ್ ಸರ್ಜನರು ವೈದ್ಯಶಾಲೆಯಲ್ಲಿ ಕಲಿತವರೇ ಆದರೂ ಜಮಾದಾರ್, ಸುಬೇದಾರ್ ದರ್ಜೆಯಲ್ಲಿ ನಿಂತರು. ಪದವಿಗೇ ಒಂದು ಬಿಲ್ಲೆಯಿದ್ದಿದ್ದರೆ ಹೆಚ್ಚು ಲಾಭವಾಗುತ್ತಿದ್ದದ್ದು ಅವರಿಗೇ ಎಂದು ನನ್ನ ಊಹೆ.

1943ರ ಏಪ್ರಿಲ್ 3ರಂದು ಭಾರತೀಯ ವೈದ್ಯಕೀಯ ಸೇವೆ, ವೈದ್ಯಕೀಯ ಇಲಾಖೆ, ಹಾಸ್ಪಿಟಲ್ ಕೋರ್ ಮೂರೂ ಒಂದಾಗಿ ಇಂದಿನ ಆರ್ಮಿ ಮೆಡಿಕಲ್ ಕೋರ್‌ಗೆ ಬುನಾದಿ ಬಿತ್ತು. ಅದರ ಟೋಪಿಯ ಬಿಲ್ಲೆಯಲ್ಲಿರುವುದು ಒಂದೇ ಹಾವು ಸುತ್ತಿದ ಕೋಲು. ಅಮೆರಿಕದ ಸೇನಾ ವೈದ್ಯರು 1902ರಲ್ಲಿ ಎರಡು ಹಾವುಗಳ ರೆಕ್ಕೆಕೋಲನ್ನು ಆರಿಸಿಕೊಂಡರು. ಅದು ವೈದ್ಯದೇವತೆಯದಲ್ಲ, ವ್ಯಾಪಾರದ ದೇವತೆ ಹರ್ಮಿಸ್‌ನದು. ನಮ್ಮ ಬಿಲ್ಲೆ ಆ ಗೊಂದಲದಿಂದ ಪಾರಾಗಿದೆ. ಆದರೂ ಅದು ದಳದ ಗುರುತೇ ಹೊರತು ಓದಿನದಲ್ಲ. ಎಂ.ಡಿ., ಎಂ.ಎಸ್. ಮುಗಿಸಿದ ಅಧಿಕಾರಿಯನ್ನು ಸೇನೆ ‘ಗ್ರೇಡೆಡ್ ಸ್ಪೆಷಲಿಸ್ಟ್’, ಮುಂದೆ ‘ಕ್ಲಾಸಿಫೈಡ್ ಸ್ಪೆಷಲಿಸ್ಟ್’ ಎಂದು ಕಡತದಲ್ಲಿ ಬರೆದುಕೊಳ್ಳುತ್ತದೆ; ಭುಜದ ಮೇಲೆ ಕಾಣುವುದು ಬೇರೆ ದಳದ ಮೇಜರಿಗಿರುವ ಅದೇ ಅಶೋಕ ಸಿಂಹ.